ಉಡಿಗಾಲದಿಂದ ಮಿಷನ್ ಆಸ್ಪತ್ರೆಯವರೆಗೆ

ಸೋದರಿಯರೇ, ಮೈಸೂರಿಗೆ ಹೋದವರು ಅರಮನೆ ನೋಡುತ್ತಾರೆ, ಬೆಟ್ಟ ಹತ್ತುತ್ತಾರೆ, ದೇವರಾಜ ಮಾರುಕಟ್ಟೆಯಲ್ಲಿ ಎರಡು ಮೊಳ ಮಲ್ಲಿಗೆ ಕೊಂಡು, ಮೈಸೂರು ಪಾಕಿನ ಪೊಟ್ಟಣ ಕಟ್ಟಿಸಿಕೊಂಡು ಊರಿಗೆ ಮರಳುತ್ತಾರೆ. ನಮ್ಮ ಉಡಿಗಾಲದ ಕಡೆಯ ಹೆಂಗಸರಿಗೆ ಮಾತ್ರ ಮೈಸೂರು ಅಂದರೆ ಮೊದಲು ನೆನಪಿಗೆ ಬರುವುದು ಆಸ್ಪತ್ರೆ. ಅರಮನೆಯನ್ನು ಒಳಹೊಕ್ಕು ನೋಡದ ಅಜ್ಜಿಯರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ "ಮಿಸನ್ ಆಸ್ಪತ್ರೆ" ಯಾವ ಕಡೆ ಅಂತ ಕೇಳಿ, ಕಣ್ಣು ಮುಚ್ಚಿಕೊಂಡು ದಾರಿ ಹೇಳುತ್ತಾರೆ.

ಉಡಿಗಾಲ ಎಲ್ಲಿದೆ ಅಂತೀರಾ? ಚಾಮರಾಜನಗರ, ಗುಂಡ್ಲುಪೇಟೆ ಎರಡರ ನಡುವಿನ ಸೀಮೆಯ ಊರು. ರಾಗಿ, ಜೋಳ, ಅರಿಶಿನ, ಸಣ್ಣ ಈರುಳ್ಳಿ ಬೆಳೆಯುವ ನೆಲ. ಗುಂಡ್ಲುಪೇಟೆ ಕಡೆಗೆ ಹೋದರೆ ಕಾಲದಲ್ಲಿ ಚೆಂಡುಹೂವಿನ ಹೊಲಗಳು ಕಣ್ಣಿಗೆ ಹಬ್ಬ. ಮಳೆ ಬಂದರೆ ಸರಿ, ಬಾರದಿದ್ದರೆ ಗಂಡಾಳು ಹೆಣ್ಣಾಳು ಎಲ್ಲರೂ ಕೂಲಿ ಹುಡುಕಿಕೊಂಡು ಬಸ್ಸು ಹತ್ತುವವರೇ. ಚಾಮರಾಜನಗರಕ್ಕೆ ಮೊದಲು ಅರಿಕುಠಾರ ಅಂತ ಹೆಸರಿತ್ತು. ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು ಮುಮ್ಮಡಿ ಕೃಷ್ಣರಾಜ ಒಡೆಯರು ಈ ಹೆಸರಿಟ್ಟರು, ಚಾಮರಾಜೇಶ್ವರನ ಗುಡಿಯನ್ನೂ ಕಟ್ಟಿಸಿದರು. ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ಅಲ್ಲಿಯವರೆಗೆ ನಾವೂ ಮೈಸೂರು ಜಿಲ್ಲೆಯವರೇ. ಚಾಮರಾಜನಗರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಶುರುವಾದದ್ದು 2016ರಲ್ಲಿ. ಅದಕ್ಕೂ ಮುಂಚೆ ಹೆರಿಗೆ ಕಷ್ಟವಾಯಿತು, ಮಗುವಿಗೆ ಜ್ವರ ಏರಿತು ಅಂದರೆ ಸುಮಾರು 60 ಕಿಲೋಮೀಟರು ಮೈಸೂರಿಗೇ ಓಡಬೇಕಿತ್ತು.

ಈ ದಾರಿಯಲ್ಲಿ ಮೊದಲ ವೈದ್ಯರು ನಂಜನಗೂಡಿನಲ್ಲಿ ಸಿಗುತ್ತಾರೆ! ತಮಾಷೆಗೆ ಹೇಳಿದ್ದಲ್ಲ. ಟಿಪ್ಪು ಸುಲ್ತಾನರ ಆನೆಗೆ ಕಣ್ಣು ಕಾಣದೆ ಹೋಗಿ, ನಂಜುಂಡನ ಸೇವೆ ಮಾಡಿಸಿದ ಮೇಲೆ ವಾಸಿಯಾಯಿತೆಂದೂ, ಅಂದಿನಿಂದ ಸುಲ್ತಾನರು ಶ್ರೀಕಂಠೇಶ್ವರನನ್ನು "ಹಕೀಮ ನಂಜುಂಡ" ಎಂದು ಕರೆದರೆಂದೂ ಕಥೆಯಿದೆ. ಹಕೀಮ ಅಂದರೆ ವೈದ್ಯ ತಾನೆ? ನಮ್ಮ ಕಡೆಯವರು ಇಲ್ಲಿ ಇಳಿದು, ಕಪಿಲೆಯಲ್ಲಿ ಕಾಲು ತೊಳೆದು, ಮಗುವಿಗೆ ವಾಸಿಯಾದರೆ ತುಲಾಭಾರ ಮಾಡಿಸ್ತೀನಪ್ಪ ಅಂತ ಹರಕೆ ಹೊತ್ತು ಮತ್ತೆ ಬಸ್ಸು ಹತ್ತುವುದುಂಟು. ತುಲಾಭಾರ ಅಂದೆನಲ್ಲ, ತಕ್ಕಡಿಯ ಈ ಮಾತನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಬರುತ್ತದೆ.

ಹಳ್ಳಿಯ ಬಡತನ ಬೇರೆ, ಪಟ್ಟಣದ ಬಡತನವೇ ಬೇರೆ ಕಣ್ರೀ. ಹಳ್ಳಿಯಲ್ಲಿ ಬಾಣಂತಿಗೆ ಏನಿಲ್ಲದಿದ್ದರೂ ಬದುವಿನ ಸೊಪ್ಪು ಸಿಕ್ಕುತ್ತದೆ, ನುಗ್ಗೆಮರದ ಎಲೆ ಸಿಕ್ಕುತ್ತದೆ, ಪಕ್ಕದ ಮನೆಯವರು ಒಂದು ಚೊಂಬು ಮಜ್ಜಿಗೆ ಕೊಟ್ಟಾರು. ಎರೆಯುವುದಕ್ಕೆ ಅತ್ತೆಯೋ ಚಿಕ್ಕಮ್ಮನೋ ಬಂದಾರು. ಅದೇ ಹುಡುಗಿ ಗಂಡನ ಹಿಂದೆ ಮೈಸೂರಿಗೆ ಹೋಗಿ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದಳೆನ್ನಿ. ಅಲ್ಲಿ ನುಗ್ಗೆಸೊಪ್ಪಿಗೂ ಕಾಸು, ಸೌದೆಗೂ ಕಾಸು, ಕೊಡ ನೀರಿಗೂ ಸರದಿ. ಗಂಡ ಗಾರೆ ಕೆಲಸಕ್ಕೆ ಹೋದರೆ ಇವಳು ಕುಳಿತಲ್ಲೇ ಬೀಡಿ ಸುತ್ತಬೇಕು, ಇಲ್ಲವೇ ಊದುಬತ್ತಿ ಹೊಸೆಯಬೇಕು. ನಮ್ಮ ದೇವರ ಮನೆಯಲ್ಲಿ ಘಮಘಮಿಸುವ ಬತ್ತಿ ಎಷ್ಟು ಬಸುರಿಯರ ಅಂಗೈಯಲ್ಲಿ ಉರುಳಿ ಬಂದಿದೆಯೋ, ಕಡ್ಡಿ ಗೀರುವಾಗ ನಮಗೆ ಎಲ್ಲಿ ನೆನಪಾಗುತ್ತೆ! ಹೀಗೆ ಬಂಧುಬಳಗದಿಂದ ದೂರವಾಗಿ, ಕೈಯಲ್ಲಿ ಕಾಸಿಲ್ಲದೆ ಹೆರಿಗೆಗೆ ಕೂತ ಹೆಣ್ಣಿಗೆ ಯಾರು ದಿಕ್ಕು? ಈ ಪ್ರಶ್ನೆಗೆ ಮೈಸೂರು ಪಟ್ಟಣದಲ್ಲಿ ನೂರು ವರ್ಷಕ್ಕೂ ಹಿಂದೆ ಸಿಕ್ಕ ಒಂದು ಉತ್ತರವನ್ನು ನಿಮಗೆ ತೋರಿಸಬೇಕೆಂದೇ ಇಷ್ಟು ದೂರ ಕರೆತಂದೆ.

ಮೈಸೂರಿನ ಇಗರ್ಜಿ ಅಂದ ಕೂಡಲೆ ಎಲ್ಲರೂ ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚನ್ನು ಹೇಳುತ್ತಾರೆ. ನೋಡುವುದಕ್ಕೆ ಚೆನ್ನ, ಇಲ್ಲವೆನ್ನುವುದಿಲ್ಲ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಇಟ್ಟರು. ಜೋಡಿ ಗೋಪುರಗಳು 175 ಅಡಿ ಎತ್ತರ, ಕತ್ತೆತ್ತಿ ನೋಡಿದರೆ ತಲೆಯ ಮೇಲಿನ ಸೆರಗು ಜಾರುತ್ತದೆ. ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಸುವವರ ಗುಂಪು ಅಲ್ಲಿ ಯಾವಾಗಲೂ ಇರುತ್ತದೆ. ನೀವೂ ತೆಗೆಸಿಕೊಳ್ಳಿ. ಆದರೆ ಅಲ್ಲಿಂದ ಹೆಚ್ಚು ದೂರವಿಲ್ಲದ ಮಂಡಿ ಮೊಹಲ್ಲಾಕ್ಕೆ ಒಮ್ಮೆ ನಡೆದು ಬನ್ನಿ. ಅಲ್ಲಿ ಫೋಟೋ ತೆಗೆಸಿಕೊಳ್ಳುವಂಥದ್ದು ಏನೂ ಇಲ್ಲ. ಸಂದಣಿಯ ಬೀದಿಗಳು, ಅಂಗಡಿಸಾಲು, ಗಾಡಿಗಳು, ಬುರ್ಖಾ ತೊಟ್ಟ ತಾಯಂದಿರು, ಹಳ್ಳಿಯಿಂದ ಚೀಲ ಹೊತ್ತು ಬಂದ ಅಜ್ಜಿಯರು. ಸಾಡೇ ರಸ್ತೆ ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಅಲ್ಲಿರುವುದೇ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ. ಆ ಹೆಸರು ನಮ್ಮ ಬಾಯಿಗೆ ಹೊರಳದೆ ಮಿಷನ್ ಆಸ್ಪತ್ರೆಯಾಯಿತು.

ಇದು ಕ್ಯಾಥೊಲಿಕರದ್ದಲ್ಲ, ಇಂಗ್ಲೆಂಡಿನ ವೆಸ್ಲಿಯನ್ ಮೆಥಡಿಸ್ಟ್ ಎಂಬ ಪಂಗಡದವರು 1906ರಲ್ಲಿ ತೆರೆದದ್ದು. ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಎಂಬಾಕೆಯ ನೆನಪಿನಲ್ಲಿ ಹೆಂಗಸರಿಗೂ ಮಕ್ಕಳಿಗೂ ಎಂದೇ ಕಟ್ಟಿದ ಆಸ್ಪತ್ರೆ. ಆ ಕಾಲ ಎಂಥದ್ದು ಅಂತ ಸ್ವಲ್ಪ ಊಹಿಸಿಕೊಳ್ಳಿ. ಅದಕ್ಕೆ ಎಂಟೇ ವರ್ಷ ಮುಂಚೆ, 1898ರಲ್ಲಿ, ಮೈಸೂರು ಪಟ್ಟಣಕ್ಕೆ ಪ್ಲೇಗು ಬಡಿದಿತ್ತು. ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ ಊರನ್ನು ಅಗಲ ಮಾಡಬೇಕೆಂದು 1903ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಹುಟ್ಟಿತು. ಗಂಡಸು ಡಾಕ್ಟರು ಮೈ ಮುಟ್ಟುವುದಾದರೆ ಸಾಯುತ್ತೇನೆ ಹೊರತು ತೋರಿಸಿಕೊಳ್ಳುವುದಿಲ್ಲ ಎನ್ನುವ ಹೆಂಗಸರು ಎಲ್ಲ ಜಾತಿಯಲ್ಲೂ ಇದ್ದರು. ಹೆಂಗಸರಿಗೆ ಹೆಂಗಸರೇ ವೈದ್ಯ ಮಾಡಬೇಕು ಅನ್ನುವುದನ್ನು ಮಿಷನ್ನಿನವರು ಚೆನ್ನಾಗಿ ಅರಿತಿದ್ದರು. ಮಹಾರಾಜರ ಕಾಲದ ದೊಡ್ಡಾಸ್ಪತ್ರೆಗಳೂ ಬಡವರಿಗೆ ಆಸರೆಯಾದವು. ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆಗಳ ಋಣ ನಮ್ಮ ಸೀಮೆಯವರ ಮೇಲೆ ಬಹಳವಿದೆ. ಆದರೆ ಈ ಮಿಷನ್ ಆಸ್ಪತ್ರೆಯಲ್ಲಿ ನಡೆದ ಒಂದು ಕೆಲಸ ಬೇರೆ ಬಗೆಯದು.

ನಮ್ಮೂರ ಕಡೆಯ ಒಬ್ಬ ಅಜ್ಜಿ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಮಿಸನ್ ಆಸ್ಪತ್ರೇಲೇ ಕನವ್ವ ನನ್ನ ದೊಡ್ಡ ಮಗ ಹುಟ್ಟಿದ್ದು. ಹುಟ್ಟಿದೇಟ್ಗೆ ತಕ್ಕಡೀಲಿ ಮಡಗಿ ತೂಗ್ಬುಟ್ರು, ರಾಗಿ ತೂಗ್ದಂಗೆ. ನಮ್ಮತ್ತೆ ಬಾಯ್ಬಾಯ್ ಬಡ್ಕಂಡ್ಳು, ದೃಷ್ಟಿ ಆಯ್ತದೆ ಅಂತ." ಹೌದಲ್ಲವೇ? ಎಳೆಗೂಸನ್ನು ತೂಗಬಾರದು, ಅಳೆಯಬಾರದು, ಮಗು ದಪ್ಪಗಿದೆ ಅಂತ ಬಾಯಲ್ಲಿ ಆಡಬಾರದು ಅನ್ನುವುದು ನಮ್ಮಲ್ಲಿ ಈಗಲೂ ಉಂಟು. ದೇವರ ಮುಂದೆ ತುಲಾಭಾರವಾದರೆ ಅಡ್ಡಿಯಿಲ್ಲ, ಆಸ್ಪತ್ರೆಯ ತಕ್ಕಡಿಗೆ ಮಾತ್ರ ದೃಷ್ಟಿ! ಆ ಅತ್ತೆ ಬಡಿದುಕೊಂಡರೂ ನರ್ಸಮ್ಮ ಬಿಟ್ಟಿಲ್ಲ ನೋಡಿ. ತೂಗಿದ್ದಷ್ಟೇ ಅಲ್ಲ, ಬರೆದಿಟ್ಟರು. 1934ರಿಂದ ಆ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳ ತೂಕ ಎಷ್ಟು, ಉದ್ದ ಎಷ್ಟು, ತಲೆಯ ಸುತ್ತಳತೆ ಎಷ್ಟು, ತಾಯಿ ಬಸುರಿಯಲ್ಲಿ ಎಷ್ಟು ತೂಗುತ್ತಿದ್ದಳು ಎಂಬುದನ್ನು ದಾಖಲೆಯಲ್ಲಿ ಬರೆದು, ಆ ದಾಖಲೆಗಳನ್ನು ಎಸೆಯದೆ ಕಾಪಾಡಿಕೊಂಡರು. ಗೆದ್ದಲು ಹಿಡಿಯದಂತೆ ಒಂದು ಅಡಿಗೆ ಪುಸ್ತಕ ಉಳಿಸಿಕೊಳ್ಳುವುದೇ ನಮಗೆ ಕಷ್ಟ!

ಇದರ ಬೆಲೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಮೈಸೂರಿನಲ್ಲಿ ನರ್ಸಿಂಗ್ ಕಲಿತ ನಮ್ಮ ನಾದಿನಿಯ ಮಗಳು ನನಗೆ ಬಿಡಿಸಿ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್ ಎಂಬ ಡಾಕ್ಟರಿಗೆ ಒಂದು ಅನುಮಾನ ಬಂತು. ಹೃದಯದ ಕಾಯಿಲೆ ಬೊಜ್ಜಿನಿಂದ, ಬೀಡಿ ಸಿಗರೇಟಿನಿಂದ ಬರುತ್ತದೆ ಸರಿ, ಆದರೆ ಅದರ ಬೇರು ತಾಯಿಯ ಹೊಟ್ಟೆಯಲ್ಲೇ ಇದೆಯೇನೋ, ಬಡಕಲಾಗಿ ಹುಟ್ಟಿದವರಿಗೆ ಮುಂದೆ ಈ ಕಾಯಿಲೆ ಹೆಚ್ಚೇನೋ ಎಂದು. ಪರೀಕ್ಷೆ ಮಾಡಿ ನೋಡೋಣವೆಂದರೆ ಐವತ್ತು ಅರವತ್ತು ವರ್ಷ ಹಿಂದಿನ ಕೂಸುಗಳ ತೂಕ ಯಾರ ಬಳಿ ಇರುತ್ತದೆ? ಅಲ್ಲಿನ ಹರ್ಟ್‌ಫರ್ಡ್‌ಶೈರ್ ಎಂಬ ಸೀಮೆಯಲ್ಲಿ ಸೂಲಗಿತ್ತಿಯರು 1911ರಿಂದ ಬರೆದಿಟ್ಟ ಲೆಕ್ಕದ ಪುಸ್ತಕಗಳು ಸಿಕ್ಕವು. ಅದರಿಂದ 1989ರಲ್ಲಿ ಅವರ ಅನುಮಾನಕ್ಕೆ ಬಲ ಬಂತು. ನಮ್ಮ ದೇಶದಲ್ಲೂ ಹೀಗೆಯೇ ಇದೆಯೇ ಎಂದು ನೋಡಲು ಬೇಕಾದ ದಾಖಲೆ ಸಿಕ್ಕಿದ್ದು ಮಂಡಿ ಮೊಹಲ್ಲಾದ ಈ ಬಡವರ ಆಸ್ಪತ್ರೆಯಲ್ಲಿ!

ಆಮೇಲೆ ಆಸ್ಪತ್ರೆಯ ಸುತ್ತಮುತ್ತಲಿನ ಕೇರಿಗಳಲ್ಲಿ ಮನೆ ಮನೆಗೆ ಹೋಗಿ, "ನೀವು ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವರೇ?" ಎಂದು ವಿಚಾರಿಸಿದರು. ಹುಟ್ಟಿದ ದಿನವೇ ಸರಿಯಾಗಿ ಗೊತ್ತಿಲ್ಲದ ಹಿರಿಯರನ್ನು ಹಳೇ ದಾಖಲೆಯ ಸಾಲಿಗೆ ಹೊಂದಿಸುವುದು ಸುಲಭದ ಕೆಲಸವೇ? ಕೊನೆಗೆ 1934ರಿಂದ 1954ರೊಳಗೆ ಹುಟ್ಟಿದ 517 ಮಂದಿ ಗಂಡಸರು ಹೆಂಗಸರನ್ನು ಪರೀಕ್ಷೆ ಮಾಡಿದರು. ಸೌತಾಂಪ್ಟನ್ನಿನ ಡಾ. ಕ್ಯಾರೋಲಿನ್ ಫಾಲ್ ಮತ್ತು ಅವರ ಜೊತೆಗಾರರ ಈ ಕೆಲಸ 1996ರಲ್ಲಿ ಲ್ಯಾನ್ಸೆಟ್ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ. ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ನೂರಕ್ಕೆ 3 ಮಾತ್ರ. ಮಗುವೂ ಹಗುರ, ಬಸುರಿಯಲ್ಲಿ ತಾಯಿಯೂ ಬಡಕಲು ಅಂತಿದ್ದ ಕಡೆ ಕಾಯಿಲೆ ಎಲ್ಲಕ್ಕಿಂತ ಜಾಸ್ತಿ.

ಸೋದರಿಯರೇ, ಈ ಮಾತನ್ನು ಇನ್ನೊಂದು ಸಲ ಓದಿಕೊಳ್ಳಿ. ಅಡಿಗೆಮನೆಯಲ್ಲಿ ಎಲ್ಲರಿಗೂ ಬಡಿಸಿ ತಳ ಕೆರೆದು ಉಂಡ ಬಸುರಿಯ ಹಸಿವು ಅವಳ ಹೊಟ್ಟೆಗೇ ಮುಗಿಯುವುದಿಲ್ಲ. ಐವತ್ತು ವರ್ಷದ ಮೇಲೆ ಅವಳ ಮಗನ ಎದೆಯಲ್ಲಿ ನೋವಾಗಿ ಏಳುತ್ತದೆ. ಬಸುರಿ ಜಾಸ್ತಿ ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟ ಅಂತ ಹೇಳಿ ಹುಡುಗಿಯರಿಗೆ ಅರೆಹೊಟ್ಟೆ ಇಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಉಡಿಗಾಲದಲ್ಲೂ ಇವೆ, ನಿಮ್ಮ ಊರಿನಲ್ಲೂ ಇದ್ದಾವು.

ಹಾಗಂತ ಬರೀ ಅನ್ನ, ತುಪ್ಪ, ಸಿಹಿ ಸುರಿಯಬೇಕು ಅಂತಲೂ ಅಲ್ಲ. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ 830 ಮಂದಿ ಬಸುರಿಯರಿಗೆ ಸಕ್ಕರೆ ಪರೀಕ್ಷೆ ಮಾಡಿದಾಗ ನೂರಕ್ಕೆ ಆರು ಮಂದಿಗೆ ಬಸುರಿಯಲ್ಲಿ ಬರುವ ಸಕ್ಕರೆ ಕಾಯಿಲೆ ಕಂಡಿತು. ಅಂಥ ತಾಯಂದಿರ ಹೆಣ್ಣುಮಕ್ಕಳಿಗೆ ಐದು ವರ್ಷ ತುಂಬುವಷ್ಟರಲ್ಲೇ ಮೈಯಲ್ಲಿ ಕೊಬ್ಬು ಹೆಚ್ಚು. ಇನ್ನೊಂದು ವಿಷಯ ಕೇಳಿ. ಆ ತಾಯಂದಿರಲ್ಲಿ ನೂರಕ್ಕೆ 43 ಮಂದಿಗೆ ಬಿ-12 ಎಂಬ ಜೀವಸತ್ವ ಸಾಲದಾಗಿತ್ತು. ಬಿ-12 ಸೊಪ್ಪಿನಲ್ಲಿಲ್ಲ, ಕಾಳಿನಲ್ಲಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ. ಮಾಂಸ ತಿನ್ನದ ಮನೆಗಳಲ್ಲಿ ಮೊಸರೇ ಗತಿ. ಆ ಮೊಸರನ್ನು ಗಂಡಸರ ಅನ್ನಕ್ಕೆ ಗಟ್ಟಿಯಾಗಿ ಹಾಕಿ, ನಾವು ನೀರು ಮಜ್ಜಿಗೆ ಕುಡಿದು ಏಳುತ್ತೇವೆ. ಸೊಸೆ ಬಸುರಿಯಾಗಿದ್ದರೆ ಅವಳ ತಟ್ಟೆಗೆ ಮೊದಲು ಮೊಸರು ಹಾಕಿ, ಆಮೇಲೆ ಉಳಿದವರಿಗೆ. ಬಿ-12 ಮಾತ್ರೆ ಬೇಕೋ ಬೇಡವೋ ಎಂಬುದನ್ನು ಡಾಕ್ಟರನ್ನೇ ಕೇಳಿ, ನಿಮ್ಮಷ್ಟಕ್ಕೆ ನುಂಗಬೇಡಿ.

ಈಗ ನಿಮ್ಮಲ್ಲಿ ಕೆಲವರಿಗೆ ಬಂದಿರಬಹುದಾದ ಪ್ರಶ್ನೆಗೆ ಬರುತ್ತೇನೆ. "ಮಿಷನ್ನಿನವರು ಪುಕ್ಕಟೆ ಬಂದರೇನಮ್ಮ? ಮತ ಬೆಳೆಸುವುದಕ್ಕೆ ತಾನೆ ಬಂದದ್ದು?" ಹೌದು, ಅವರು ತಮ್ಮ ಮತ ಹರಡಬೇಕೆಂದೇ ಬಂದವರು, ಅದನ್ನು ಅವರೂ ಮುಚ್ಚಿಟ್ಟಿರಲಿಲ್ಲ. ಮಿಷನ್ ಆಸ್ಪತ್ರೆಗೆ ಹೋದರೆ ಜಾತಿ ಕೆಡುತ್ತದೆ ಎಂದು ನಮ್ಮ ಅತ್ತೆಯ ಕಾಲದವರು ಹೆದರುತ್ತಿದ್ದರು. ಆದರೆ ಹೋದವರು ಹೋದರು, ಹೆತ್ತರು, ಕೂಸು ಎತ್ತಿಕೊಂಡು ಬಂದು ಹಕೀಮ ನಂಜುಂಡನಿಗೆ ಹರಕೆಯನ್ನೂ ತೀರಿಸಿದರು. ಮುಸಲ್ಮಾನರ ತಾಯಂದಿರು ತಮ್ಮ ಮಸೀದಿಗೇ ಹೋದರು. ಯಾರಾದರೂ ಹಸಿದವನ ಮುಂದೆ ಅನ್ನ ಇಟ್ಟು ನಿನ್ನ ದೇವರನ್ನು ಬಿಡು ಅಂದರೆ ಅದು ನನಗೂ ಒಪ್ಪಿಗೆಯಿಲ್ಲ. ತೂಕದ ದಾಖಲೆಯಲ್ಲಿ ಮಾತ್ರ ಆ ಮಾತು ಬರುವುದಿಲ್ಲ. ಯಾವ ಕೇರಿಯ ಕೂಸಾದರೂ ತಕ್ಕಡಿ ಒಂದೇ ಆಗಿತ್ತು.

ಮತಕ್ಕೆ ಸೇರಿದವರ ಕಷ್ಟವೂ ಬೇರೆಯೇ ಇತ್ತು. ಮಂಗಳೂರಿನಲ್ಲಿ 1834ರಲ್ಲಿ ಕೆಲಸ ಶುರುಮಾಡಿದ ಬಾಸೆಲ್ ಮಿಷನ್ನಿನವರಿಗೆ ಇದು ಬೇಗ ತಿಳಿಯಿತು. ಮತ ಬದಲಿಸಿದವನಿಗೆ ಮನೆ ಹೋಯಿತು, ಕುಲಕಸುಬೂ ಹೋಯಿತು. ಅವನಿಗೆ ಪ್ರಾರ್ಥನೆ ಕಲಿಸಿದರೆ ಹೊಟ್ಟೆ ತುಂಬೀತೆ? ಅದಕ್ಕೇ ನೇಯ್ಗೆಯ ಕಾರ್ಖಾನೆ, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದು ಕೂಲಿ ಕೊಟ್ಟರು. ಅದೇ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಔಷಧಿ ಹಂಚಲು ಕೂತರು, ಇಂದು ಅಲ್ಲಿ ದೊಡ್ಡ ಆಸ್ಪತ್ರೆಯೇ ಇದೆ. ಬೆಂಗಳೂರಿನ ಸಂತ ಮಾರ್ಥಾ ಆಸ್ಪತ್ರೆ 1886ರದು. ಬೆಂಗಳೂರಿನಲ್ಲೇ ದಿಕ್ಕಿಲ್ಲದ ಮುದುಕ ಮುದುಕಿಯರನ್ನು ಸಾಕುವ ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಎಂಬ ಸನ್ಯಾಸಿನಿಯರಿದ್ದಾರೆ, ಮನೆ ಮನೆಗೆ ಹೋಗಿ ದಾನ ಕೇಳಿ ತಂದು ಮುದುಕರಿಗೆ ಉಣಿಸುವುದು ಅವರ ಪಂಗಡದ ಹಳೇ ಪದ್ಧತಿ. ನಮ್ಮ ಜೋಳಿಗೆಯ ಜಂಗಮರ ನೆನಪಾಗುವುದಿಲ್ಲವೇ? ನಮ್ಮ ಜಿಲ್ಲೆಯಲ್ಲೇ ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯ ಕಾಮಗೆರೆಯಲ್ಲೂ ಹೋಲಿ ಕ್ರಾಸ್ ಸಿಸ್ಟರುಗಳ ಆಸ್ಪತ್ರೆಯಿದೆ. ಇನ್ನು ಸುತ್ತೂರು ಮಠದ ಪ್ರಸಾದ ನಿಲಯಗಳಲ್ಲಿ ಉಂಡು ಓದಿದ ನಮ್ಮ ಕಡೆಯ ಹುಡುಗರ ಲೆಕ್ಕ ಹಾಕಿದರೆ ಅದೇ ಇನ್ನೊಂದು ಲೇಖನ.

ಅನ್ನ ಹಾಕುವ ಪುಣ್ಯ ದೊಡ್ಡದೇ. ಆದರೂ ನನಗೆ ಮಿಷನ್ ಆಸ್ಪತ್ರೆಯ ಆ ದಾಖಲೆಗಳೇ ಹೆಚ್ಚಾಗಿ ಮನಸ್ಸಿನಲ್ಲಿ ಉಳಿದಿವೆ. ಬೀಡಿ ಸುತ್ತುವವಳ ಕೂಸು ಎಷ್ಟು ತೂಗಿದರೆ ಯಾರಿಗೇನು ಅನ್ನದೆ, ರಾತ್ರಿ ಪಾಳಿಯ ನರ್ಸಮ್ಮ ಬುಡ್ಡಿ ದೀಪವೋ ಕರೆಂಟೋ, ಅದರ ಬೆಳಕಿನಲ್ಲಿ ಅಂಕಿ ಬರೆದಿದ್ದಾಳೆ. ಇದರಿಂದ ಮುಂದೆ ಏನೋ ಆದೀತು ಅಂತ ಅವಳಿಗೆ ಗೊತ್ತೂ ಇರಲಿಲ್ಲ. ಅವಳ ಹೆಸರೂ ನಮಗೆ ಗೊತ್ತಿಲ್ಲ.

ಈಗ ಆ ತಕ್ಕಡಿ ಹಳ್ಳಿಗೇ ಬಂದಿದೆ. 1975ರಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ಪಕ್ಕದ ತಿರುಮಕೂಡಲು ನರಸೀಪುರಕ್ಕೆ. 2017ರಿಂದ ಮಾತೃಪೂರ್ಣ ಅಂತ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಊಟ, ಹಾಲು, ಮೊಟ್ಟೆ ಕೊಡುವ ಏರ್ಪಾಡಾಯಿತು. "ಅಲ್ಲಿ ಹೋಗಿ ತಿನ್ನೋದಾ, ಜನ ಏನಂದಾರು" ಎಂದು ಸಂಕೋಚಪಟ್ಟು ಮನೆಯಲ್ಲೇ ಉಳಿಯುವ ಹುಡುಗಿಯರನ್ನು ನಾನು ಕಂಡಿದ್ದೇನೆ. ಅಂಗನವಾಡಿ ಟೀಚರು ಮಗುವನ್ನು ತೂಗಲು ಬಂದಾಗ ಮಗುವನ್ನು ಒಳಕೋಣೆಯಲ್ಲಿ ಮಲಗಿಸಿ "ನಿದ್ದೆ ಮಾಡ್ತಾ ಇದೆ" ಅನ್ನುವ ಅಜ್ಜಿಯರನ್ನೂ ಕಂಡಿದ್ದೇನೆ. ನಿಮ್ಮ ಮನೆಯಲ್ಲಿ ಬಸುರಿಯಿದ್ದರೆ ತಾಯಿ ಕಾರ್ಡು ತೆಗೆದು ನೋಡಿ, ತೂಕದ ಸಾಲು ಖಾಲಿ ಇದ್ದರೆ ನಾಳೆಯೇ ಬರೆಸಿಕೊಂಡು ಬನ್ನಿ. ದೃಷ್ಟಿಯ ಭಯವಿದ್ದರೆ ಕೆನ್ನೆಗೆ ಒಂದು ಬೊಟ್ಟು ಕಾಡಿಗೆ ಇಟ್ಟೇ ತೂಗಿಸಿ, ಟೀಚರು ಬೇಡ ಅನ್ನುವುದಿಲ್ಲ.

ಮೈಸೂರಿಗೆ ಹೋದಾಗ ನೋಡಬೇಕೆನ್ನುವವರಿಗೆ: ಸಬರ್ಬನ್ ಬಸ್ ನಿಲ್ದಾಣದಲ್ಲಿ ಇಳಿದು, ಇರ್ವಿನ್ ರಸ್ತೆಯ ಕಡೆಗೆ ಬಂದು, ಮಂಡಿ ಮೊಹಲ್ಲಾದ ಸಾಡೇ ರಸ್ತೆ ಎಲ್ಲಿ ಅಂತ ಕೇಳಿ. ಆಟೋದವರಿಗೆ ಮಿಷನ್ ಆಸ್ಪತ್ರೆ ಅಂದರೇ ಸಾಕು. ಅದು ಕಾಯಿಲೆಯವರು ಬರುವ ಜಾಗ, ಆದ್ದರಿಂದ ಹೊರಗಿನಿಂದಲೇ ನೋಡಿಕೊಂಡು ಬನ್ನಿ. ಗೇಟಿನ ಹತ್ತಿರ ಚೀಲ ಹಿಡಿದು ಕೂತ ಯಾರಾದರೂ ಅಜ್ಜಿ ಕಂಡರೆ ಯಾವೂರು ಅಂತ ಕೇಳಿ ನೋಡಿ, ನಮ್ಮ ಕಡೆಯವರೇ ಇರಬಹುದು.